ಕಡವೆ ಗುರುತಿಸದ ಮುಖ

ಬಹಳ ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಏಳುಬೀದಿಪುರ ಎಂಬ ರಾಜ್ಯವೊಂದಿತ್ತು. ಹೆಸರಿಗೆ ತಕ್ಕಂತೆ ರಾಜಧಾನಿಯಲ್ಲಿ ಏಳೇ ಬೀದಿ, ಬೀದಿಗೊಂದು ಕಸುಬು. ಏಳನೆಯ ಬೀದಿ ತೊಗಲುಗೊಂಬೆಯವರದು. ಆಡಿನ ತೊಗಲನ್ನು ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ತುಂಬಿ ಅವರು ಗೊಂಬೆ ಮಾಡುತ್ತಿದ್ದರು. ಕತೆಯಲ್ಲಿ ಒಬ್ಬ ರಾಣಿ ಬಂದರೆ ಅವಳಿಗೆ ಒಂದೇ ಗೊಂಬೆ ಸಾಲುತ್ತಿರಲಿಲ್ಲ. ಮದುವೆಯ ಹೊತ್ತಿಗೆ ಒಂದು, ಮಕ್ಕಳಾದಾಗ ಒಂದು, ಮುಪ್ಪಿಗೆ ಇನ್ನೊಂದು ಬೇಕಿತ್ತು. ಸೋಮಾರಿತನದಿಂದ ಒಂದೇ ಗೊಂಬೆಯನ್ನು ಕೊನೆಯವರೆಗೂ ಆಡಿಸಿದರೆ, “ಇದ್ಯಾರಪ್ಪ ಮಧ್ಯದಲ್ಲಿ ಬಂದವಳು?” ಎಂದು ನೋಡುವವರು ಜಗಳಕ್ಕೆ ನಿಲ್ಲುತ್ತಿದ್ದರು.

ಆ ಬೀದಿಯಲ್ಲಿ ಕೇತಣ್ಣನೆಂಬ ತರುಣನಿದ್ದ. ಅವನಿಗೆ ಇಪ್ಪತ್ತನಾಲ್ಕು ವರ್ಷ, ಹೆಂಡತಿ ಜಕ್ಕಲೆಗೆ ಇಪ್ಪತ್ತು. ಅವನು ತೊಗಲು ಕೊರೆಯುವನು, ಅವಳು ಬಣ್ಣ ತುಂಬುವಳು. ಗೊಂಬೆ ಮುಗಿದಾಗ ಅವನು ಅದನ್ನು ಬೆಳಕಿಗೆ ಹಿಡಿದು, ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡುವನು. ಅದನ್ನು ಕಂಡು ಅವಳು ಬಿದ್ದು ಬಿದ್ದು ನಗುವಳು. ಮದುವೆಯಾಗಿ ಒಂದೇ ವರ್ಷವಾಗಿತ್ತು, ನಗುವುದಕ್ಕೆ ಅಷ್ಟು ನೆಪ ಸಾಕಾಗಿತ್ತು.

ರಾಜ್ಯದ ಬಡಗಣ ದಿಕ್ಕಿಗೆ ಕೋಡುಗಲ್ಲು ಎಂಬ ಬೆಟ್ಟ. ಅದರ ಮೇಲೆ ಧೂಮ್ರಾಂಗನೆಂಬ ಮಾಂತ್ರಿಕ. ಅವನಿಗೆ ಮುನ್ನೂರು ವರ್ಷ, ಮುಖ ನೋಡಿದರೆ ಮೂವತ್ತರ ಮೇಲೆ ಒಂದು ದಿನ ಹೇಳುವಂತಿರಲಿಲ್ಲ. ಕೈಗೆ ಸಿಕ್ಕವರನ್ನು ಅವನು ಕಡವೆಗಳನ್ನಾಗಿ ಮಾಡಿ, ಅವರ ಆಯುಸ್ಸನ್ನು ಕೊಂಬಿನ ತುದಿಯಿಂದ ದಿನಕ್ಕಿಷ್ಟು ಹೀರಿಕೊಂಡು ಬದುಕುತ್ತಿದ್ದ. ಹಳೆಯ ಕಡವೆಗಳು ಸವೆದು ಸತ್ತಿದ್ದವು. ಹೊಸವು ಬೇಕಾಗಿ ಅವನು ಹಾದಿಹೋಕರ ಮೇಲೆ ಕಣ್ಣು ಹಾಕಿದಾಗ, ರಾಜ ಬೀದಿಗೊಬ್ಬನಂತೆ ಏಳು ಮಂದಿ ತರುಣರನ್ನು ಆರಿಸಿ, ಅವನನ್ನು ಹಿಡಿದುತರಲು ಕಳಿಸಿದ. ಏಳನೆಯ ಬೀದಿಯಿಂದ ಕೇತಣ್ಣ ಹೊರಟ.

“ಬಣ್ಣ ಆರೋದರೊಳಗೆ ಬಂದುಬಿಡ್ತೀನಿ,” ಎಂದು ಹೇಳಿ ಹೋದ.

ಬಣ್ಣ ಆರಿತು. ಮೂರನೆಯ ದಿನ ಮಟಮಟ ಮಧ್ಯಾಹ್ನ ಊರ ಮೇಲೆ ಮಾಂತ್ರಿಕನ ದನಿ ಗುಡುಗಿತು. ಬಿಡುಗಡೆಯ ದಾರಿಯನ್ನು ಬಾಯಿಬಿಟ್ಟು ಹೇಳದಿದ್ದರೆ ಮಂತ್ರ ನಿಲ್ಲುವುದಿಲ್ಲ, ಮಾಟಗಾರರ ಶಾಸ್ತ್ರವೇ ಹಾಗೆ. ಆದ್ದರಿಂದ ಒಲ್ಲದ ಮನಸ್ಸಿನಿಂದ ಅವನು ಹೇಳಿದ:

“ಏಳುಬೀದಿಯವರೇ, ಕೇಳಿ! ನಿಮ್ಮ ಏಳು ಗಂಡಸರು ಈಗ ಏಳು ಕಡವೆಗಳು. ಹನ್ನೆರಡು ವರ್ಷಕ್ಕೊಮ್ಮೆ ಇವು ಉಪ್ಪು ನೆಕ್ಕಲು ಬಿಳಿಹೊಳೆ ದಾಟಿ ನಿಮ್ಮ ದಡಕ್ಕೆ ಬರುತ್ತವೆ. ಸೂರ್ಯ ನೆತ್ತಿಗೆ ಬಂದಾಗಿನಿಂದ ನಾನು ಶಂಖ ಊದುವವರೆಗೆ ಹೊತ್ತು ಕೊಟ್ಟಿದ್ದೇನೆ. ಅಷ್ಟರಲ್ಲಿ ಒಂದು ಕಡವೆ ತನ್ನ ಹೆಂಡತಿಯನ್ನು ಮುಖ ನೋಡಿ ಗುರುತಿಸಿ ಅಂಗೈ ನೆಕ್ಕಿದರೂ ಸಾಕು, ಏಳಕ್ಕೂ ಬಿಡುಗಡೆ. ಆದರೆ ಹೆಂಗಸು ತಾನಾಗಿ ಮುಂದೆ ಹೋಗಬಾರದು, ಮುಟ್ಟಬಾರದು. ಹೆಸರು ಹಿಡಿದು ಕರೆದರೆ ಅವನು ಕಲ್ಲಾಗುತ್ತಾನೆ!”

ವಾಸನೆಯಿಂದ ಗುರುತು ಸಿಕ್ಕೀತೆಂದು ಕಡವೆಗಳ ಮೂಗಿನ ಶಕ್ತಿಯನ್ನು ಅವನು ಮೊದಲೇ ಕಟ್ಟಿಹಾಕಿದ್ದ. ಇನ್ನು ಹೆಸರಿನ ಮಾತು. ಗಂಡನ ಹೆಸರನ್ನು ಬಾಯಲ್ಲಿ ಆಡುವ ವಾಡಿಕೆ ಆ ಊರಿನ ಹೆಂಗಸರಿಗೆ ಇರಲೇ ಇಲ್ಲ, ಆದ್ದರಿಂದ ಆ ಒಂದು ಕಟ್ಟಳೆ ಮಾತ್ರ ಅವರಿಗೆ ಸಲೀಸಾಗಿತ್ತು.

ಜಕ್ಕಲೆ ಕಾದಳು. ಹೊಟ್ಟೆಪಾಡಿಗೆ ತೊಗಲು ಹದಮಾಡುವ ಕೆಲಸವನ್ನೂ ತಾನೇ ಹಿಡಿದಳು. ದಿನವಿಡೀ ಬಿಸಿಲಲ್ಲಿ ನಿಂತು ತೊಗಲು ಒಣಗಿಸಿದಳು, ಹೊಗೆಯಲ್ಲಿ ಕೂತು ಅಂಟು ಕಾಯಿಸಿದಳು, ಅರೆಹೊಟ್ಟೆ ಉಂಡಳು, ಅತ್ತಳು. ಮಲಗುವಾಗ ಗಂಡ ಮಲಗುತ್ತಿದ್ದ ಕಡೆಗೇ ಮುಖ ಮಾಡಿ ಮಲಗಿದಳು. ಹನ್ನೆರಡು ವರ್ಷ ಹೀಗೆ ಕಳೆದು, ಮೂವತ್ತೆರಡಕ್ಕೇ ಅವಳ ಕೆನ್ನೆ ಗುಳಿಬಿದ್ದು, ಮೈಬಣ್ಣ ಸುಟ್ಟು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಮೊದಲ ಸಲ ಕಡವೆಗಳು ಹೊಳೆ ದಾಟಿದಾಗ ಏಳೂ ಹೆಂಗಸರು ದಡದಲ್ಲಿ ಸಾಲಾಗಿ ನಿಂತಿದ್ದರು. ಅಂಗೈ ಮುಂದೆ ಚಾಚಿದ್ದರು. ಆಚೆ ಬಂಡೆಯ ಮೇಲೆ ಧೂಮ್ರಾಂಗ ಶಂಖ ಹಿಡಿದು ಕೂತಿದ್ದ. ನೀರಿನಿಂದ ಮೇಲೆ ಬಂದ ಕಡವೆಗಳಲ್ಲಿ ಒಂದು ತಲೆಯನ್ನು ಎಡಕ್ಕೆ ವಾಲಿಸಿ ಹೆಂಗಸರ ಸಾಲನ್ನು ನೋಡಿತು. ಅದು ಅವಳ ಕಡೆ ಮೂರು ಹೆಜ್ಜೆ ಬಂತು. ನಿಂತಿತು. ಅವಳ ಮುಖವನ್ನೇ ನೋಡಿತು. ನಾಲ್ಕನೆಯ ಹೆಜ್ಜೆಗೆ ಕಾಲೆತ್ತಿತು.

ಶಂಖ ಮೊಳಗಿತು. ಏಳೂ ಕಡವೆಗಳು ಹಾವು ತುಳಿದಂತೆ ಬೆಚ್ಚಿ ಹೊಳೆಗೆ ಹಾರಿದವು.

“ನಿಂತುಬಿಟ್ಟರು,” ಎಂದಳು ಜಕ್ಕಲೆ, ಚಾಚಿದ ಕೈಯನ್ನು ಇಳಿಸದೆ. “ನನ್ನ ನೋಡಿ ಅನುಮಾನ ಮಾಡಿ ನಿಂತುಬಿಟ್ಟರು. ನನ್ನ ಮುಖ ಅಷ್ಟು ಕೆಟ್ಟುಹೋಗಿದೆ.”

ಅವಳು ಮಾಡಿದ ತಪ್ಪು ಇದೊಂದೇ. ಆದರೆ ಅದೊಂದು ಸಾಲದೆ?

ಎಂಟು ದಿನ ಕಳೆಯುವಷ್ಟರಲ್ಲಿ ಊರಿಗೆ ಒಬ್ಬ ಮುಖವೈದ್ಯ ಬಂದ. ಹೆಸರು ಸೌಮ್ಯಪಂಡಿತ, ಬಾಯಿ ತೆರೆದರೆ ಜೇನು. ಏಳು ಹೆಂಗಸರ ಮನೆಗೂ ತಾನೇ ಹುಡುಕಿಕೊಂಡು ಹೋದ. ಅವನು ಯಾರೆಂದು ನೀವಾಗಲೇ ಊಹಿಸಿರಬಹುದು. ಕತೆ ಕೇಳುತ್ತ ಕೂತವರಿಗೆ ಊಹೆ ಸುಲಭ, ನೋವಿನಲ್ಲಿ ಮುಳುಗಿದವರಿಗೆ ಅಲ್ಲ.

ಅವನು ಜಕ್ಕಲೆಯ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ಲೊಚಗುಟ್ಟಿದ.

“ಅಯ್ಯೋ ತಾಯಿ, ಮುಖ ಅಂದರೆ ಬರೀ ಚರ್ಮ ಅಂದುಕೊಂಡಿರಾ? ಅದು ಚಪ್ಪರ ಇದ್ದ ಹಾಗೆ. ಒಳಗೆ ಮೂಳೆಯ ಕಂಬ, ಮೇಲೆ ಚರ್ಮದ ಹೊದಿಕೆ, ನಡುವೆ ಕೆನ್ನೆಯಲ್ಲಿ ಬೆಣ್ಣೆಯಂಥ ಕೊಬ್ಬು. ವಯಸ್ಸಾದ ಹಾಗೆ ಕಂಬ ಕುಗ್ಗುತ್ತೆ, ಬೆಣ್ಣೆ ಕೆಳಗೆ ಜಾರುತ್ತೆ, ಹೊದಿಕೆ ಸಡಿಲ ಆಗುತ್ತೆ. ಆಗ ಚಪ್ಪರ ಜೋಲದೆ ಇನ್ನೇನು ಮಾಡೀತು?”

“ಎಲ್ಲರಿಗೂ ಇಷ್ಟು ಬೇಗ ಜೋಲೋದಿಲ್ಲವಲ್ಲ, ಪಂಡಿತರೇ?”

“ನೀವೇ ಬೇಗ ಮಾಡಿಕೊಂಡಿರಿ. ಬಿಸಿಲಿಗೆ ಚರ್ಮ ಸುಡುತ್ತೆ, ಹೊಗೆಗೆ ಒಣಗುತ್ತೆ. ಅತ್ತರೆ ಕಣ್ಣ ಕೆಳಗೆ ಚೀಲ, ನಕ್ಕರೆ ಬಾಯಿ ಪಕ್ಕ ಮಡಿಕೆ. ಒಂದೇ ಮಗ್ಗುಲಿಗೆ ಮಲಗಿದರೆ ಆ ಕೆನ್ನೆ ಮೊದಲು ಇಳಿಯುತ್ತೆ. ನಿಮ್ಮ ಎಡಗೆನ್ನೆ ನೋಡಿ, ಹೇಗೆ ಇಳಿದಿದೆ! ನಿಮ್ಮ ಯಜಮಾನರು ಬಿಟ್ಟುಹೋದ ಮುಖ ಇದಲ್ಲ. ಅವರಾದರೂ ಹೇಗೆ ಗುರುತಿಸಬೇಕು?”

ಜಕ್ಕಲೆ ಅವನ ಕಾಲು ಹಿಡಿದಳು. “ಹೋದಾಗ ಇದ್ದ ಮುಖ ತಂದುಕೊಡಿ. ಏನು ಹೇಳಿದರೂ ಮಾಡುತ್ತೇನೆ.”

“ನನಗೇನೂ ಕೊಡಬೇಡಿ ತಾಯಿ. ಹೇಳಿದ ಹಾಗೆ ಕೇಳಿದರೆ ಸಾಕು,” ಎಂದು ಪಂಡಿತ ನಕ್ಕ. ಏನೂ ಬೇಡ ಎನ್ನುವವನನ್ನು ಕಂಡರೆ ನನಗಂತೂ ಮೈ ಜುಮ್ಮೆನ್ನುತ್ತದೆ.

ಮೊದಲ ಚಿಕಿತ್ಸೆ ಪಥ್ಯ. ಹಾಲಿನ ಕೆನೆಗೆ ಅರಿಶಿನ ಕಲಸಿ ಹಚ್ಚಬೇಕು, ಎಳ್ಳೆಣ್ಣೆಯಿಂದ ಗಲ್ಲದಿಂದ ಮೇಲ್ಮುಖವಾಗಿಯೇ ತಿಕ್ಕಬೇಕು, ಲೋಳೆಸರದ ತಿರುಳು ಬಳಿದುಕೊಂಡು ಕೂರಬೇಕು. ಇದೆಲ್ಲ ಒಳ್ಳೆಯದೇ, ಯಾರಿಗೂ ಕೇಡಿಲ್ಲ. ಆದರೆ ಅದರ ಜೊತೆಗೆ ಬೇಡಗಳು ಬಂದವು. ಬಿಸಿಲಿಗೆ ಹೋಗಬೇಡ. ಅವಳು ಹೊಳೆಗೆ ಬಟ್ಟೆ ಒಗೆಯಲು ಹೋಗುವುದನ್ನು ಬಿಟ್ಟಳು, ಹೊಳೆಯ ದಾರಿಯ ಗೆಳತಿಯರು ತಪ್ಪಿದರು. ಒಲೆಯ ಮುಂದೆ ಕೂರಬೇಡ. ಅವಳು ನಾಲ್ಕು ಜನಕ್ಕೆ ಅಡುಗೆ ಮಾಡಿ ಬಡಿಸುವುದನ್ನು ಬಿಟ್ಟಳು, ನೆಂಟರು ತಪ್ಪಿದರು, ಹೊಟ್ಟೆಪಾಡಿಗೆ ನೆರಳಲ್ಲಿ ಕೂತು ಬಣ್ಣ ತುಂಬುವ ಕೆಲಸವೊಂದೇ ಉಳಿಯಿತು. ನಗಬೇಡ, ಅಳಬೇಡ. ಅವಳು ಗೊಂಬೆಯಾಟಕ್ಕೆ ಹೋಗುವುದನ್ನೇ ಬಿಟ್ಟಳು. ಮಗ್ಗುಲಾಗಬೇಡ. ತಲೆಯ ಎರಡು ಕಡೆ ಮರಳಿನ ಚೀಲ ಇಟ್ಟುಕೊಂಡು ಅಂಗಾತ ಮಲಗಿದಳು. ಪಕ್ಕದ ಖಾಲಿ ಜಾಗವೂ ಈಗ ಅವಳಿಗೆ ಕಾಣುತ್ತಿರಲಿಲ್ಲ, ಬರೀ ಮಾಡಿನ ತೊಲೆ ಕಾಣುತ್ತಿತ್ತು.

ಎರಡನೆಯ ಚಿಕಿತ್ಸೆ ಕಣಜ. ಪಂಡಿತ ಹಸಿರು ಬಣ್ಣದ ಒಂದು ಕಣಜವನ್ನು ಡಬ್ಬಿಯಲ್ಲಿ ತಂದು ಅವಳ ತೊಲೆಗೆ ಬಿಟ್ಟ. ಹುಣ್ಣಿಮೆಗೊಮ್ಮೆ ಅದು ಇಳಿದುಬಂದು ಹಣೆಗೆ, ಕಣ್ಣ ಕೊನೆಗೆ, ಬಾಯಿಯ ಬದಿಗೆ ಕಚ್ಚಿ ಹೋಗುತ್ತಿತ್ತು. ಕಚ್ಚಿದಲ್ಲಿ ಮುಖ ಮರಗಟ್ಟುತ್ತಿತ್ತು. ಆಮೇಲೆ ಅವಳು ಹುಬ್ಬು ಗಂಟಿಕ್ಕಬೇಕೆಂದರೂ ಆಗುತ್ತಿರಲಿಲ್ಲ, ಗೆರೆಗಳೆಲ್ಲ ಮಾಯವಾದವು.

ಅವಳ ನಾದಿನಿ ಹರಿಯಲೆ, ಕೇತಣ್ಣನ ತಂಗಿ, ಅದೇ ಬೀದಿಯಲ್ಲಿದ್ದಳು. ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂತು ಮಾತಾಡಿ ಹೋಗುತ್ತಿದ್ದವಳು ಅವಳೊಬ್ಬಳೇ. ಹಾಗಿರುವಾಗ ಜ್ವರ ಬಂದು ಹರಿಯಲೆಯ ಮಗಳು ತೀರಿಕೊಂಡಳು. ಜಕ್ಕಲೆ ಓಡಿದಳು. ಆ ಮಗುವನ್ನು ಎತ್ತಿ ಆಡಿಸಿದವಳು ಅವಳು, ಒಡಲೊಳಗೆ ಬೆಂಕಿ ಬಿದ್ದಿತ್ತು. ಆದರೆ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ತೊಳೆದಿಟ್ಟ ತಟ್ಟೆಯಂಥ ಮುಖ ಹೊತ್ತು ಅವಳು ನಿಂತಿದ್ದಳು.

ಹರಿಯಲೆ ತಲೆಯೆತ್ತಿ ನೋಡಿದಳು. “ನಿನಗೆ ಏನೂ ಅನ್ನಿಸಲಿಲ್ಲವೇನೆ ಅತ್ತಿಗೆ?”

“ಅನ್ನಿಸುತ್ತಿದೆ ಹರಿಯಲೆ, ನಿಜವಾಗಿ...”

“ನೋಡಿದರೆ ಹಾಗೆ ಕಾಣಲ್ಲ. ಹೋಗು, ಮನೆಗೆ ಹೋಗು. ಇಲ್ಲಿ ಹೊಗೆ ಇದೆ, ನಿನ್ನ ಮುಖ ಕೆಟ್ಟೀತು.”

ಅಂದಿನಿಂದ ಹರಿಯಲೆ ಬರುವುದು ನಿಂತಿತು. ಜಕ್ಕಲೆ ಬಾಗಿಲನ್ನು ಹಗಲೆಲ್ಲ ತೆರೆದೇ ಇಟ್ಟಿರುತ್ತಿದ್ದಳು. ಯಾರೂ ಒಳಗೆ ಬರಲಿಲ್ಲ.

ಎರಡನೆಯ ಸಲ ಕಡವೆಗಳು ಬಂದಾಗ ದಡದಲ್ಲಿ ಮೂವರೇ ಹೆಂಗಸರು ಉಳಿದಿದ್ದರು. ಇಬ್ಬರು ತೀರಿಕೊಂಡಿದ್ದರು, ಇಬ್ಬರು ಬೇಸತ್ತು ಬೇರೆ ಊರಿಗೆ ಹೋಗಿದ್ದರು. ನಿಂತ ಮೂವರೂ ಪಂಡಿತನ ಕೈಯವರೇ, ನಲವತ್ತು ದಾಟಿದ್ದರೂ ಮದುಮಗಳಂತೆ ಹೊಳೆಯುತ್ತಿದ್ದರು. ಊರ ಜನ ಹಿಂದೆ ಗುಂಪುಗೂಡಿ ನೋಡುತ್ತಿದ್ದರು.

ತಲೆ ವಾಲಿಸಿದ ಕಡವೆ ನೀರಿನಿಂದ ಎದ್ದು ಬಂತು. ಜಕ್ಕಲೆಯ ಮುಂದೆ ನಿಲ್ಲಲೇ ಇಲ್ಲ. ಅವಳನ್ನು ದಾಟಿ ಹಿಂದಿನ ಗುಂಪಿನೊಳಗೆ ನುಗ್ಗಿತು. ಹೂವಿನ ಬೀದಿಯ ನಡುವಯಸ್ಸಿನ ಹೆಂಗಸಿನ ಮುಖ ನೋಡಿತು, ಬಿಟ್ಟಿತು. ನೇಕಾರರ ಗಿರಿಜವ್ವೆಯ ಮುಖ ನೋಡಿತು, ಬಿಟ್ಟಿತು. ಕೂದಲು ನರೆತ ಇನ್ನೊಬ್ಬಳ ಎದುರು ಬಹಳ ಹೊತ್ತು ನಿಂತು, ತಲೆ ತಗ್ಗಿಸಿತು. ಶಂಖ ಮೊಳಗಿತು.

“ಯಾರ್‍ಯಾರದೋ ಮುಖ ನೋಡಿದರು,” ಎಂದು ಜಕ್ಕಲೆ ಪಂಡಿತನ ಮುಂದೆ ಕುಸಿದಳು. “ನನ್ನ ಕಡೆ ತಿರುಗಲೂ ಇಲ್ಲ.”

“ಇನ್ನೂ ಒಂದು ಕೂದಲೆಳೆಯಷ್ಟು ಇಳಿದಿದೆ ತಾಯಿ, ಗಲ್ಲದ ಹತ್ತಿರ. ಅದನ್ನೂ ಎತ್ತಿಬಿಡೋಣ.”

ಮೂರನೆಯ ಚಿಕಿತ್ಸೆ ಜೇಡ. ಹೆಬ್ಬೆರಳು ಗಾತ್ರದ ಬಿಳಿ ಜೇಡವೊಂದು ಅವಳ ಚರ್ಮದ ಅಡಿಯಲ್ಲಿ ಮೂರು ಎಳೆ ಹೊಲಿಯಿತು. ಒಂದು ಗಲ್ಲವನ್ನು ಎತ್ತಿತು, ಒಂದು ಕೆನ್ನೆಯನ್ನು, ಒಂದು ಹುಬ್ಬನ್ನು. ಎಳೆಗಳನ್ನು ಕಿವಿಯ ಹಿಂದೆ ಬಿಗಿದು ಗಂಟು ಹಾಕಿತು. ಬಾಯಿ ಅಗಲವಾಗಿ ತೆರೆಯಲು ಬಾರದೆ ಅವಳು ಗಂಜಿ ಕುಡಿದು ಬದುಕಿದಳು. ಕನ್ನಡಿಯಲ್ಲಿ ಮಾತ್ರ ಇಪ್ಪತ್ತರ ಜಕ್ಕಲೆ ಕೂತಿದ್ದಳು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ.

ಮುಂದಿನ ಹನ್ನೆರಡು ವರ್ಷಗಳನ್ನು ಹೇಗೆ ಹೇಳಲಿ? ಅವಳ ವಾರಗೆಯವರಿಗೆ ಮೊಮ್ಮಕ್ಕಳಾದರು. ಅವಳು ಬಾವಿಗೆ ಹೋದರೆ ಅವರು ಮಾತು ನಿಲ್ಲಿಸುತ್ತಿದ್ದರು. “ಚಿಕ್ಕ ಹುಡುಗಿ ಬಂದಳು ಕಣ್ರೇ, ಆಮೇಲೆ ಮಾತಾಡೋಣ,” ಎನ್ನುತ್ತಿದ್ದರು. ಮಂಡಿನೋವು ಅವಳಿಗೂ ಇತ್ತು, ಆದರೆ ಹೇಳಿಕೊಂಡರೆ ನಗುತ್ತಿದ್ದರು. ಇಪ್ಪತ್ತರ ಹುಡುಗಿಯರ ಜೊತೆ ಕೂತರೆ ಅವರ ಮಾತು ಅವಳಿಗೆ ತಿಳಿಯದು. ಊರಿಗೆ ಹೊಸದಾಗಿ ಬಂದವರು ಅವಳನ್ನು ಯಾರದೋ ಸೊಸೆ ಎಂದುಕೊಂಡರು. ಹಳಬರು ನಿಧಾನವಾಗಿ ಮರೆತರು. ಕೇತಣ್ಣನ ಹೆಂಡತಿ ಜಕ್ಕಲೆ ಎಂಬವಳೊಬ್ಬಳು ಇದ್ದಳು, ಪಾಪ, ಯಾವಾಗಲೋ ಸತ್ತಿರಬೇಕು ಎಂದು ಯಾರೋ ಹೇಳುತ್ತಿದ್ದುದನ್ನು ಅವಳು ಒಂದು ದಿನ ಅವರ ಹಿಂದೆಯೇ ನಿಂತು ಕೇಳಿಸಿಕೊಂಡಳು. ‘ಇಲ್ಲ, ಇದ್ದೇನೆ’ ಎನ್ನಬೇಕೆನ್ನಿಸಿತು. ಬಾಯಿ ಅಷ್ಟು ಬೇಗ ತೆರೆಯಲಿಲ್ಲ.

ಮೂರನೆಯ ಸಲದ ದಿನ ಬಂತು. ಬೆಳಿಗ್ಗೆ ಅವಳು ಕೆನ್ನೆಗೆ ಎಣ್ಣೆ ತಿಕ್ಕುತ್ತ ಜಗಲಿಯ ನೆರಳಲ್ಲಿ ಕೂತಿದ್ದಾಗ ಒಂದು ಗೊರವಂಕ ಹಾರಿಬಂದು ಎದುರು ಕೂತಿತು. ಆ ಕಾಲದ ಗೊರವಂಕಗಳಿಗೆ ಚೆನ್ನಾಗಿ ಮಾತು ಬರುತ್ತಿತ್ತು.

“ತಂಗೀ,” ಎಂದಿತು ಹಕ್ಕಿ, “ಇಲ್ಲಿ ಜಕ್ಕಲೆ ಅನ್ನೋ ಅಜ್ಜಿಯ ಮನೆ ಯಾವುದು?”

“ನಾನೇ ಜಕ್ಕಲೆ.”

“ತಮಾಷೆ ಸಾಕು. ಅವಳಿಗೆ ಐವತ್ತಾರು. ಎಡಗಣ್ಣಿನ ಪಕ್ಕ ಮೂರು ಗೆರೆ, ಗಲ್ಲದ ಕೆಳಗೆ ಜೋಲು, ಮೇಲ್ದುಟಿ ತೆಳ್ಳಗಾಗಿದೆ, ಎಡಗೆನ್ನೆ ಬಲಗೆನ್ನೆಗಿಂತ ಒಂದು ಚೂರು ಹೆಚ್ಚು ಇಳಿದಿದೆ. ನನಗೆ ಎಲ್ಲಾ ಬಾಯಿಪಾಠ!”

ಜಕ್ಕಲೆಯ ಕೈಯ ಎಣ್ಣೆ ಬಟ್ಟಲು ಉರುಳಿತು. “ಯಾರು ಹೇಳಿಕೊಟ್ಟರು ನಿನಗೆ?”

“ನಾನು ಯಾವನ ಬೆನ್ನಿನ ಮೇಲೆ ಕೂತು ಉಣ್ಣೆಹುಳ ಹೆಕ್ಕುತ್ತೇನೋ ಆ ಕಡವೆ. ಮನುಷ್ಯರಿಗೆ ಅವನ ಮಾತು ತಿಳಿಯೋದಿಲ್ಲ, ನಮಗೆ ತಿಳಿಯುತ್ತೆ. ಪ್ರತಿ ಯುಗಾದಿಗೂ ಅವನು ಒಂದು ಬಂಡೆಯ ಮುಂದೆ ನಿಂತು ಹೆಂಡತಿಯ ಮುಖವನ್ನು ಮನಸ್ಸಿನಲ್ಲೇ ಹೊಸದಾಗಿ ಕೊರೆಯುತ್ತಾನೆ. ಅವರ ಬೀದಿಯವರು ಹಾಗಂತೆ, ವಯಸ್ಸಿಗೊಂದು ಗೊಂಬೆ ಬೇಕಂತೆ. ‘ಈ ವರ್ಷ ಅವಳ ಕಣ್ಣ ಪಕ್ಕ ಇನ್ನೊಂದು ಗೆರೆ ಬಂದಿರಬೇಕು. ಅವಳ ತಾಯಿಗೆ ಈ ವಯಸ್ಸಲ್ಲಿ ಗಲ್ಲ ಜೋತಿತ್ತು, ಇವಳಿಗೂ ಜೋತಿರುತ್ತೆ. ನನ್ನ ಕಡೆ ತಿರುಗಿ ಮಲಗುವ ಅಭ್ಯಾಸ, ಆ ಕೆನ್ನೆ ಬೇಗ ಇಳಿದಿರುತ್ತೆ.’ ಹೀಗೆ ಒಂದೂ ವರ್ಷ ತಪ್ಪಿಸಿಲ್ಲ. ಈ ಸಲ ಶಂಖಕ್ಕೆ ಮೊದಲೇ ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದ.”

ಜಕ್ಕಲೆ ಹಕ್ಕಿಯ ಹತ್ತಿರ ಸರಿದಳು. “ಮೊದಲ ಸಲ... ನನ್ನ ಮುಂದೆ ಬಂದು ನಿಂತರಲ್ಲ?”

“ಆಗ ನಮ್ಮ ಅಜ್ಜಿ ಅವನ ಬೆನ್ನ ಮೇಲಿದ್ದಳು. ಅವಳೇ ನನಗೆ ಹೇಳಿದ್ದು. ಆಗ ಗುರುತಿಸಿದ್ದನಂತೆ! ‘ಎಷ್ಟು ಸೊರಗಿಬಿಟ್ಟಿದ್ದಾಳೆ’ ಎಂದು ಒಂದು ಗಳಿಗೆ ನಿಂತನಂತೆ. ಅಷ್ಟರಲ್ಲಿ ಮಾಂತ್ರಿಕ ಶಂಖ ಊದಿಬಿಟ್ಟ. ಎರಡನೇ ಸಲ ಅವಳು ದಡದಲ್ಲೇ ಇರಲಿಲ್ಲ, ಯಾವುದೋ ಮೂರು ಹುಡುಗಿಯರು ನಿಂತಿದ್ದರಂತೆ.”

ಆಗ ಜಕ್ಕಲೆಗೆ ಎಲ್ಲ ಅರ್ಥವಾಯಿತು. ಬಿಸಿಲಲ್ಲಿ ಬೆಂದ ಆ ಮುಖವನ್ನು ಅವನು ಗುರುತಿಸಿದ್ದ. ಇಪ್ಪತ್ತನಾಲ್ಕು ವರ್ಷ ಕಷ್ಟಪಟ್ಟು ಅವಳು ಅದನ್ನೇ ಅಳಿಸಿದ್ದಳು. ಗೊಂಬೆಯವರ ಮನೆಯ ಹೆಣ್ಣಾಗಿ, ಒಂದೇ ಗೊಂಬೆಯನ್ನು ಕತೆಯುದ್ದಕ್ಕೂ ಆಡಿಸಲು ಹೋಗಿದ್ದಳು.

“ಪಂಡಿತರು ಹೇಳಿದ್ದರು...” ಎಂದಳು ಮೆಲ್ಲಗೆ.

“ಯಾವ ಪಂಡಿತ? ಆ ಜೇನುಬಾಯಿಯವನೇ? ಅವನು ನಮ್ಮ ಬೆಟ್ಟದ ಧೂಮ್ರಾಂಗ! ಇಲ್ಲಿಗೆ ಬರುವಾಗ ಪಂಚೆ ಬದಲಾಯಿಸುತ್ತಾನೆ ಅಷ್ಟೆ.” ಹಕ್ಕಿ ಕತ್ತು ಕೊಂಕಿಸಿ ತೊಲೆಯ ಕಡೆ ನೋಡಿತು. “ಆ ಹಸಿರು ಕಣಜವೂ ನಮ್ಮ ಕಡೆಯದೇ.”

ಜಕ್ಕಲೆ ಎದ್ದು ಒಳಗೆ ಹೋದಳು. ತೊಗಲು ಕೊರೆಯುವ ಸಣ್ಣ ಉಳಿಯನ್ನು ತಂದಳು. ಕನ್ನಡಿಯ ಮುಂದೆ ಕೂತು, ಕಿವಿಯ ಹಿಂದೆ ಉಳಿ ಇಟ್ಟು ಮೊದಲ ಎಳೆಯನ್ನು ಕತ್ತರಿಸಿದಳು. ಗಲ್ಲ ಇಳಿಯಿತು. ತೊಲೆಯ ಕಣಜ ರೊಂಯ್ಯೆಂದು ಅವಳ ಕಣ್ಣಿಗೇ ಎರಗಿ ಬಂತು. ಗೊರವಂಕ ಅದನ್ನು ಗಾಳಿಯಲ್ಲೇ ಹಿಡಿದು ಗುಳುಂ ಮಾಡಿತು. ಎರಡನೆಯ ಎಳೆ ಕತ್ತರಿಸಿದಳು. ಕೆನ್ನೆ ಇಳಿಯಿತು. ಬಿಳಿ ಜೇಡ ಮತ್ತೆ ಹೊಲಿಯಲು ಸರಸರನೆ ಕೂದಲಿನಿಂದ ಇಳಿದುಬಂತು. ಗೊರವಂಕ ಅದನ್ನೂ ನುಂಗಿತು. ಮೂರನೆಯದು ಹುಬ್ಬಿನ ಎಳೆ. ಅದನ್ನು ಕತ್ತರಿಸುವ ಮುಂಚೆ ಅವಳ ಕೈ ತಡೆಯಿತು. ಕನ್ನಡಿಯೊಳಗೆ ಇಪ್ಪತ್ತರ ಜಕ್ಕಲೆಯ ಕಣ್ಣುಗಳು ಮಾತ್ರ ಇನ್ನೂ ಉಳಿದಿದ್ದವು. ಇಷ್ಟು ವರ್ಷ ಜೊತೆಗಿದ್ದವಳು ಅವಳೊಬ್ಬಳೇ.

“ಹೋಗಿ ಬಾರೆ,” ಎಂದು ಅವಳಿಗೆ ಹೇಳಿ ಎಳೆ ಕತ್ತರಿಸಿದಳು.

ರೆಪ್ಪೆಗಳು ಕಣ್ಣ ಮೇಲೆ ಇಳಿದವು. ಹೆಪ್ಪುಗಟ್ಟಿದ್ದ ಹಣೆ ಸಡಿಲಾಯಿತು. ಅಳು ಬಂತು, ಮುಖವೆಲ್ಲ ಮುದುಡಿಕೊಂಡು ಅತ್ತಳು. ಅವಳು ಅತ್ತದ್ದು ಗಂಡನಿಗಲ್ಲ, ಹರಿಯಲೆಯ ಮಗಳಿಗೆ.

ಬಿಸಿಲಿಗೆ ಸೆರಗನ್ನೂ ಮರೆಮಾಡದೆ ಅವಳು ಬೀದಿಗಿಳಿದಾಗ, ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹರಿಯಲೆಯ ಕೈಯಿಂದ ಮೊರ ಜಾರಿತು.

“ಅತ್ತಿಗೆ!” ಎಂದಳು. “ಇಷ್ಟು ದಿನ ಎಲ್ಲಿ ಹೋಗಿದ್ದೆ ನೀನು?”

ಉತ್ತರ ಹೇಳಲು ಹೊತ್ತಿರಲಿಲ್ಲ. ಸೂರ್ಯ ನೆತ್ತಿಗೆ ಬರುತ್ತಿದ್ದ. ಹರಿಯಲೆ ಅಕ್ಕಿಯನ್ನು ಬಿಟ್ಟು ಅವಳ ಹಿಂದೆಯೇ ಹೊಳೆಯವರೆಗೆ ಬಂದು ದೂರದ ಮರದಡಿ ನಿಂತಳು.

ಆ ದಿನ ದಡದಲ್ಲಿ ಬೇರೆ ಯಾರೂ ಇರಲಿಲ್ಲ. ಕಳೆದ ಸಲ ನಿಂತಿದ್ದ ಇನ್ನಿಬ್ಬರೂ ಆಸೆ ಬಿಟ್ಟಿದ್ದರು. ಆಚೆ ಬಂಡೆಯ ಮೇಲೆ ಕೂತ ಧೂಮ್ರಾಂಗ ಕಣ್ಣಿಗೆ ಕೈ ಅಡ್ಡಹಿಡಿದು ನೋಡಿದ. ತಾನು ತೀಡಿದ ಆ ಹೊಳೆಯುವ ಹುಡುಗಿ ಎಲ್ಲೂ ಕಾಣಲಿಲ್ಲ. ಯಾವಳೋ ಮುದುಕಿ, ಜೋಲುಮೋರೆಯವಳು, ನೀರಿಗೆ ಬಂದು ನಿಂತಿದ್ದಾಳೆ.

“ಕಡೆಯವಳೂ ಕೈಬಿಟ್ಟಳು!” ಎಂದು ಅವನು ಹಿಗ್ಗಿದ. ಶಂಖವನ್ನು ಬದಿಗಿಟ್ಟು ತಾಂಬೂಲದ ಸಂಚಿ ಬಿಚ್ಚಿದ. ತನ್ನ ಕೈಚಳಕವನ್ನು ಅಷ್ಟು ನಂಬಿಕೊಂಡಿದ್ದ, ಮಹಾರಾಯ.

ಕಡವೆಗಳು ದಡ ಹತ್ತಿದವು. ಬಡಕಲಾಗಿ ಪಕ್ಕೆಲುಬು ಕಾಣುತ್ತಿದ್ದವು. ತಲೆ ವಾಲಿಸಿದ ಕಡವೆ ನಿಂತು ನೋಡಿತು. ಜಕ್ಕಲೆ ಅಂಗೈ ಚಾಚಿದಳು. ಬಾಯಲ್ಲಿ ಎಂದೂ ಆಡದಿದ್ದ ಹೆಸರು ಗಂಟಲಿಗೆ ಬಂದು ಕೂತಿತು, ತುಟಿ ಕಚ್ಚಿ ನುಂಗಿದಳು. ಅದು ಒಂದು ಹೆಜ್ಜೆ ಬಂತು. ಎರಡು. ಮೂರು. ಅವಳ ಕಣ್ಣ ಪಕ್ಕ ನೋಡಿತು, ಗಲ್ಲದ ಕೆಳಗೆ ನೋಡಿತು, ಎಡಗೆನ್ನೆ ನೋಡಿತು. ಲೆಕ್ಕ ಎಲ್ಲೋ ತಪ್ಪಿದಂತೆ ಅವಳ ಬಾಯಿಯ ಎರಡೂ ಬದಿಯನ್ನು ಮತ್ತೆ ಮತ್ತೆ ನೋಡಿತು. ಆಮೇಲೆ ನಾಲ್ಕನೆಯ ಹೆಜ್ಜೆ ಇಟ್ಟು, ಒರಟು ನಾಲಿಗೆಯಿಂದ ಅವಳ ಅಂಗೈ ನೆಕ್ಕಿತು.

ಬಂಡೆಯ ಮೇಲೆ ಧೂಮ್ರಾಂಗ ಕಿರುಚಿಕೊಂಡು ಶಂಖಕ್ಕೆ ಕೈ ಹಾಕಿದ. ಶಂಖ ಹೋಳಾಯಿತು. ಅವನ ಮುನ್ನೂರು ವರ್ಷ ಅವನ ಮುಖಕ್ಕೆ ಒಮ್ಮೆಲೇ ಬಂತು. ಕೆನ್ನೆ ಎದೆಯವರೆಗೆ ಇಳಿಯಿತು, ಚರ್ಮ ಮಂಡಿಯವರೆಗೆ ಜೋತಿತು, ಒಳಗಿನ ಮೂಳೆ ಪುಡಿಯಾಯಿತು. ಕೊನೆಗೆ ಬಂಡೆಯ ಮೇಲೆ ಒಂದು ಹಿಡಿ ಬೂದಿ ಉಳಿಯಿತು, ಗಾಳಿ ಅದನ್ನೂ ಒಯ್ದಿತು.

ಏಳು ಕಡವೆಗಳಿದ್ದಲ್ಲಿ ಏಳು ಗಂಡಸರು ನಿಂತಿದ್ದರು. ಹರಿಯಲೆ ಕೂಗುತ್ತ ಊರಿಗೆ ಓಡಿದಳು.

ಜಕ್ಕಲೆ ಏಳೂ ಜನರನ್ನು ಒಬ್ಬೊಬ್ಬರಾಗಿ ನೋಡಿದಳು. ಮತ್ತೆ ಮೊದಲಿಂದ ನೋಡಿದಳು. ಎಲ್ಲರೂ ಮುದುಕರು. ಅವಳ ಕೈ ಹಿಡಿದು ನಿಂತವನ ತಲೆ ಬೋಳಾಗಿತ್ತು, ಕಣ್ಣ ಕೆಳಗೆ ಚೀಲ ಬಿದ್ದಿತ್ತು, ಗಲ್ಲದ ಚರ್ಮ ಕೊರಳಿಗೆ ಜೋತಿತ್ತು, ಕಿವಿಯ ಹಾಲೆ ಉದ್ದವಾಗಿತ್ತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

“ನೀವು ಯಾರು?” ಎಂದಳು. “ನನ್ನವರು ಎಲ್ಲಿ? ಇಪ್ಪತ್ತನಾಲ್ಕು ವರ್ಷದವರು...”

ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಮೂವತ್ತಾರು ವರ್ಷ ತನ್ನ ಮುಖದ ಚಿಂತೆಯಲ್ಲೇ ಕಳೆದವಳು, ಅವನ ಮುಖಕ್ಕೆ ಒಂದು ದಿನವನ್ನೂ ಕೂಡಿಸಿರಲಿಲ್ಲ. ಅವನು ಅವಳ ಜೊತೆ ಮುದುಕನಾಗಿದ್ದ. ಅವಳು ಅವನನ್ನು ಹೊರಟ ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದಳು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೇತಣ್ಣನಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮರಳಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿದ.

“ನನಗೂ ಒಂದು ಕಡೆ ಲೆಕ್ಕ ತಪ್ಪಿತು,” ಎಂದ. “ಬಾಯಿಯ ಎರಡು ಕಡೆ ಆಳವಾದ ಮಡಿಕೆ ಇರುತ್ತೆ ಅಂದುಕೊಂಡಿದ್ದೆ. ಅಷ್ಟು ನಗುತ್ತಿದ್ದೆಯಲ್ಲ ನೀನು.”

“ನಾನು ನಗಲಿಲ್ಲ,” ಎಂದಳು ಜಕ್ಕಲೆ.

“ಹೂಂ. ಕಂಡಿತು.”

“ಹಾಗಾದರೆ ಹೇಗೆ ಗುರುತು ಹಿಡಿದಿರಿ?”

“ಮಿಕ್ಕಿದ್ದೆಲ್ಲ ಸರಿಯಾಗಿತ್ತು. ಅದೊಂದನ್ನು ಮನೆಗೆ ಹೋಗಿ ಕೇಳೋಣ ಅಂದುಕೊಂಡೆ.”

ಊರಿನಿಂದ ಜನ ಓಡಿಬಂದರು. ಆರು ಮಂದಿಯಲ್ಲಿ ಕೆಲವರಿಗೆ ಮಕ್ಕಳು ಸಿಕ್ಕರು, ಕೆಲವರಿಗೆ ತಮ್ಮಂದಿರು, ಒಬ್ಬನಿಗೆ ಆಸೆ ಬಿಟ್ಟಿದ್ದ ಹೆಂಡತಿಯೇ ಸಿಕ್ಕಳು. ಯಾರೂ ಸಿಗದವನನ್ನು ಹರಿಯಲೆ ತನ್ನ ಮನೆಗೆ ಊಟಕ್ಕೆ ಕರೆದೊಯ್ದಳು. ರಾಜ ಏಳು ಬೀದಿಗೂ ತೋರಣ ಕಟ್ಟಿಸಿದ. ಬೆಟ್ಟದ ದಾರಿ ತೆರೆಯಿತು, ಹಾದಿಹೋಕರು ನಿರ್ಭಯವಾಗಿ ಓಡಾಡಿದರು.

ಜಕ್ಕಲೆಯೂ ಕೇತಣ್ಣನೂ ದಿನಾ ಬೆಳಿಗ್ಗೆ ಜಗಲಿಯ ಎಳೆಬಿಸಿಲಿಗೆ ಎದುರುಬದುರಾಗಿ ಕೂರುತ್ತಿದ್ದರು. ಅವಳು ಅವನ ಮುಖದ ಒಂದು ಗೆರೆ ಮುಟ್ಟಿ, “ಇದು ಯಾವಾಗ ಬಂತು?” ಎಂದು ಕೇಳುವಳು. ಅವನು ಆ ವರ್ಷದ ಕತೆ ಹೇಳುವನು. ಆಮೇಲೆ ಅವಳು ತನ್ನ ಆ ವರ್ಷದ್ದು ಹೇಳುವಳು, ಹೆಚ್ಚೇನೂ ಇರುತ್ತಿರಲಿಲ್ಲ, ಆದರೂ ಹೇಳುವಳು. ದಿನಕ್ಕೊಂದೇ ವರ್ಷ, ಅದಕ್ಕಿಂತ ಹೆಚ್ಚು ಇಬ್ಬರಿಗೂ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮೊದಮೊದಲು ಅವಳು ಯಾರೋ ಪರಸ್ಥಳದವರ ಮುಂದೆ ಕೂತಂತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಹತ್ತನೆಯ ದಿನದ ಹೊತ್ತಿಗೆ ಅದು ಬಿಟ್ಟುಹೋಯಿತು.

ಹೀಗೆ ಮೂವತ್ತಾರು ದಿನ ಕಳೆದವು. ಮೂವತ್ತೇಳನೆಯ ದಿನ ಬೆಳಿಗ್ಗೆ ಹೇಳುವುದಕ್ಕೆ ಇಬ್ಬರ ಬಳಿಯೂ ಏನೂ ಉಳಿದಿರಲಿಲ್ಲ. ಜಕ್ಕಲೆ ಒಲೆ ಹಚ್ಚಿ, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ರೊಟ್ಟಿ ತಟ್ಟಿದಳು. ಇಬ್ಬರೂ ಸುಮ್ಮನೆ ಕೂತು ತಿಂದರು.